ಅರಳುಮರಳು ಅಂದುಬಿಟ್ಟರೆ ಮುಗೀತಾ?

ಹೋದ ಮಳೆಗಾಲದಲ್ಲಿ ಊರಿಗೆ, ಅಂದ್ರೆ ಗೋವಿನಕೋವಿಗೆ ಹೋಗಿದ್ದೆ. ರಾತ್ರಿ ಜೋರು ಮಳೆ, ಕರೆಂಟಿಲ್ಲ (ಅದು ಹೊಸದೇನಲ್ಲ ಬಿಡಿ). ಎಂಬತ್ತು ದಾಟಿದ ನಮ್ಮಜ್ಜಿ, ಅಮ್ಮನ ಅಮ್ಮ, ಕತ್ತಲಲ್ಲೇ ಎದ್ದು ಎರಡು ಸೀರೆ, ಒಂದು ಹಿತ್ತಾಳೆ ಚೊಂಬು ಗಂಟು ಕಟ್ಟುತ್ತಾ ಕೂತಿದ್ದರು. "ನೀರು ಬರೋದ್ರೊಳಗೆ ಹೊರಡ್ಬೇಕಲ್ಲ ಮಗಾ" ಅಂದ್ರು. "ಅರವತ್ತಕ್ಕೆ ಅರಳುಮರಳು, ಮಲಗಿಸೋ" ಅಂತ ಅಪ್ಪ ಒಳಗಿಂದ ಕೂಗಿದರು.

ಅಜ್ಜಿ ಹೇಳಿದ್ದು ನಮ್ಮ ತುಂಗಭದ್ರೆಯ ನೀರಲ್ಲ, ಶರಾವತಿಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಊರುಗಳಲ್ಲಿ ಅವರದ್ದೂ ಒಂದು. ಆಗ ಅವರು ಕಂಕುಳಲ್ಲಿ ಕೂಸಿಟ್ಟುಕೊಂಡ ತಾಯಿ. ನಾಡಿಗೆ ಬೆಳಕು ಬಂತು ಅಂತ ನಾವೆಲ್ಲ ಶಾಲೇಲಿ ಓದಿದ್ವಿ. ನಾ. ಡಿಸೋಜ ಅವರ 'ದ್ವೀಪ' ಕಾದಂಬರಿಯನ್ನ ಕಾಸರವಳ್ಳಿ ಸಿನಿಮಾ ಮಾಡಿದಾಗ ನೋಡಿ ಹೊಗಳಿದ್ವಿ ಕೂಡ. ಆದ್ರೆ ಮನೇಲೇ ಇದ್ದ ಅಜ್ಜೀನ ಮಾತ್ರ ಒಂದು ದಿನವೂ ಕೇಳಲಿಲ್ಲ!

ವಯಸ್ಸಾದವರು ಹಳೇದನ್ನೇ ಮಾತಾಡಿದ್ರೆ ನಮಗೆ ಬೇಜಾರು. "ಈಗ್ಯಾಕೆ ಅದೆಲ್ಲ" ಅಂತೀವಿ. ಆದ್ರೆ ರಾಬರ್ಟ್ ಬಟ್ಲರ್ ಅನ್ನೋ ಅಮೆರಿಕದ ಮನೋವೈದ್ಯರು 1963ರಲ್ಲೇ ಬರೆದಿದ್ದರು: ಮುಪ್ಪಿನಲ್ಲಿ ಹಿಂತಿರುಗಿ ನೋಡೋದು ಬುದ್ಧಿ ಕೆಟ್ಟ ಲಕ್ಷಣವಲ್ಲ, ಬದುಕಿನ ಲೆಕ್ಕ ಚುಕ್ತಾ ಮಾಡೋ ಸಹಜ ಕೆಲಸ ಅಂತ. ಆ ಲೆಕ್ಕ ಕೂಡದಿದ್ದಾಗ ಕೆಲವರು ಖಿನ್ನತೆಗೆ ಜಾರುತ್ತಾರೆ ಅಂತಲೂ ಹೇಳಿದ್ದರು.

ಹಳೇ ಗಾಯ ಕೆದಕಬಾರದು ಅನ್ನೋರಿದ್ದಾರೆ. ಒಪ್ಪಿದೆ, ನಾವಾಗಿ ಕೆದಕೋದು ಬೇಡ. ಆದ್ರೆ ಅವರಾಗೇ ಬಾಯಿ ಬಿಟ್ಟಾಗ ಮುಚ್ಚಿಸೋದೂ ಬೇಡ. ಹಾಗಂತ ಎಲ್ಲವೂ ನೆನಪಿನದ್ದೇ ಆಟ ಅಂತಲೂ ಅಲ್ಲ. ಇಂಥ ಗಲಿಬಿಲಿಗೆ ಮರೆವಿನ ಕಾಯಿಲೆ, ಜ್ವರ, ಮಾತ್ರೆ, ಏನು ಬೇಕಾದ್ರೂ ಕಾರಣ ಇರಬಹುದು, ಡಾಕ್ಟರಿಗೆ ತೋರಿಸಲೇಬೇಕು. ನಾವೂ ತೋರಿಸಿದ್ವಿ. ಮನಸ್ಸಿನ ವಿಷಯಕ್ಕೆ 2022ರಿಂದ ಟೆಲಿ ಮಾನಸ್‌ನ 14416 ಇದೆ, ಕಾಸಿಲ್ಲ. ಅರಳುಮರಳು ಅಂತ ಮಗ್ಗುಲು ತಿರುಗಿಸಿದ್ರೆ ಇದ್ಯಾವುದೂ ಆಗಲ್ಲ.

ಆ ರಾತ್ರಿ ಪಕ್ಕದಲ್ಲಿ ಕೂತು "ಅಜ್ಜಿ, ನಿಮ್ಮನೆ ಅಂಗಳದಲ್ಲಿ ಏನಿತ್ತು?" ಅಂದೆ. ಹಲಸಿನ ಮರದಿಂದ ಶುರುವಾಗಿದ್ದು ಕೊಟ್ಟಿಗೆಯ ದನಗಳ ಹೆಸರಿನವರೆಗೂ ಹೋಯ್ತು. ಗಂಟನ್ನು ಅವರೇ ಬಿಚ್ಚಿದರು. ಮಾರನೇ ಮಳೆಗೆ ಮತ್ತೆ ಕಟ್ಟಿದರು, ಸುಳ್ಳು ಹೇಳಲ್ಲ. ಆದ್ರೆ ಈ ಸಲ ಅಪ್ಪ ಬೈಯಲಿಲ್ಲ, ಲಾಟೀನು ಹಚ್ಚಿ ತಂದು ಪಕ್ಕದಲ್ಲಿ ಕೂತರು.

ನಿಮ್ಮನೇಲೂ ಇಂಥ ಗಂಟು ಇದ್ಯಾ? ಯಾರಾದ್ರೂ ಕೇಳಿದ್ದೀರಾ?