ಹಸುವಿಗೆ ಎರಡು ತಿಂಗಳು ಬಿಡುವು, ಹಾಲು ಕರೆಯುವ ಕೈಗೆ ಎಷ್ಟು?



ಗಬ್ಬದ ಹಸುವನ್ನು ಕರು ಹಾಕುವ 60 ದಿನ ಮೊದಲೇ ಬತ್ತಿಸಬೇಕೆಂದು ನಮಗೆಲ್ಲ ಗೊತ್ತು. ಆ ಎರಡು ತಿಂಗಳು ಆ ಹಸುವಿನಿಂದ ಡೇರಿಗೆ ಹಾಲಿಲ್ಲ, ಬಟವಾಡೆಯೂ ಇಲ್ಲ. ಆದರೂ ಮನೆಯಲ್ಲಿ ಯಾರೂ ಗೊಣಗುವುದಿಲ್ಲ. ಕೆಚ್ಚಲಿಗೆ ಬಿಡುವು ಕೊಟ್ಟರೆ ಮುಂದಿನ ಸೂಲಿನಲ್ಲಿ ಹಾಲು ಹೆಚ್ಚುತ್ತದೆಂಬ ಲೆಕ್ಕ. ಹಾಲು ಕರೆಯುವ ಕೈಗೆ ಆಪರೇಷನ್ ಆದಾಗ ಮಾತ್ರ ಈ ಲೆಕ್ಕ ಮರೆತುಹೋಗುತ್ತದೆ.

ನಾನು ಹೇಳುತ್ತಿರುವುದು ಕಾರ್ಪಲ್ ಟನಲ್ ತೊಂದರೆಯ ವಿಷಯ. ಮಣಿಕಟ್ಟಿನೊಳಗಿನ ಇಕ್ಕಟ್ಟಾದ ಹಾದಿಯಲ್ಲಿ ನರವೊಂದು ಒತ್ತಿಹೋಗಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಕಿರುಬೆರಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ರಾತ್ರಿ ಎದ್ದು ಕೈ ಕೊಡವಬೇಕಾಗುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದವರಿಗೆ, ಬಸುರಿಯರಿಗೆ ಇದು ಹೆಚ್ಚು. ಕಂದಿಕೆರೆ ಕಡೆಯ ನಮಗಂತೂ ಎರಡು ಹೊತ್ತು ಹಾಲು ಕರೆಯುವುದು, ಸೀಮೆಹುಲ್ಲು ಕೊಯ್ಯುವುದು, ಮುದ್ದೆ ತೊಳಸುವುದು, ತೆಂಗಿನ ಗರಿಯಿಂದ ಕಡ್ಡಿ ಸೀಳುವುದು, ಎಲ್ಲ ಭಾರವೂ ಅದೇ ಮಣಿಕಟ್ಟಿನ ಮೇಲೆ. ಮೊದಮೊದಲು ರಾತ್ರಿ ಕಟ್ಟುವ ಪಟ್ಟಿ, ಇಂಜೆಕ್ಷನ್‌ನಿಂದ ವಾಸಿಯಾಗಬಹುದು. ಆಗದಿದ್ದರೆ ಆಪರೇಷನ್.

ಆಪರೇಷನ್ ಚಿಕ್ಕದು, ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ. 10ರಿಂದ 14 ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ಮನೆಯವರು "ಗುಣವಾಯ್ತಲ್ಲ" ಎನ್ನುವುದು ಆಗಲೇ. ಆದರೆ ವಾಸಿಯಾಗಿರುವುದು ಮೇಲಿನ ಚರ್ಮ ಮಾತ್ರ. ಒಳಗೆ ಕತ್ತರಿಸಿದ ದಪ್ಪ ಪಟ್ಟಿ ಕೂಡಬೇಕು. ಹಾಲು ಕರೆಯುವುದು, ಬಕೆಟ್ ಎತ್ತುವುದು ಸಾಮಾನ್ಯವಾಗಿ ಆರು ವಾರ ಬೇಡ. ಹಿಡಿತ ಮೊದಲಿನಂತಾಗಲು ಎರಡು ಮೂರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಅಂಗೈ ಬುಡದ ನೋವೂ ಅಷ್ಟು ಕಾಲ ಇರಬಹುದು. ಬಿಡುವೆಂದರೆ ಕೈ ಕಟ್ಟಿ ಕೂರುವುದಲ್ಲ. ಮೊದಲ ದಿನದಿಂದಲೇ ಬೆರಳು ಆಡಿಸಬೇಕು, ಕೈಯನ್ನು ಎತ್ತರದಲ್ಲಿಟ್ಟುಕೊಳ್ಳಬೇಕು. ಗಾಯ ಮಾಯುವವರೆಗೆ ಸಗಣಿ, ಗಂಜಲ ಮುಟ್ಟಬಾರದು. ಕೆಂಪಾಗಿ ಊದಿದರೆ, ಕೀವು ಬಂದರೆ, ಜ್ವರ ಕಂಡರೆ ತಡಮಾಡದೆ ಡಾಕ್ಟರ ಬಳಿ ಹೋಗಬೇಕು.

ಇದೆಲ್ಲ ಡಾಕ್ಟರೂ ಹೇಳಿರುತ್ತಾರೆ. ಆದರೂ ನಾವು ಹೊಲಿಗೆ ಬಿಚ್ಚುವ ಮೊದಲೇ ಕೊಟ್ಟಿಗೆಗೆ ಇಳಿಯುತ್ತೇವೆ. ತಿಳಿಯದೆ ಅಲ್ಲ, ಹಾಲು ಕರೆಯಲು ಬೇರೆ ಯಾರೂ ಇಲ್ಲದೆ. ಆದ್ದರಿಂದ ನನ್ನ ಮಾತು ಇಷ್ಟೇ: ಆಪರೇಷನ್‌ಗೆ ದಿನ ಗೊತ್ತು ಮಾಡುವ ಮೊದಲು ಹಾಲು ಕರೆಯುವವರನ್ನು ಗೊತ್ತು ಮಾಡಿ. ಗಂಡನೋ ಮಗನೋ ಹದಿನೈದು ದಿನ ಮೊದಲೇ ನಿಮ್ಮ ಪಕ್ಕ ಕೂತು ಕಲಿಯಲಿ. ಹೊಸ ಕೈಗೆ ಹಸು ಸಲೀಸಾಗಿ ಸೊರೆ ಬಿಡುವುದಿಲ್ಲ. ಕೆಚ್ಚಲಲ್ಲಿ ಹಾಲು ಉಳಿದರೆ ಬಾವಿನ ಭಯ. ಹೆಬ್ಬೆಟ್ಟು ಮಡಚದೆ ಪೂರ್ತಿ ಮುಷ್ಟಿಯಲ್ಲಿ ಕರೆಯುವುದನ್ನೇ ಕಲಿಸಿ.

ಎರಡೂ ಕೈಗೆ ತೊಂದರೆಯಿದ್ದರೆ ಒಂದಾದ ಮೇಲೆ ಒಂದು ಮಾಡಿಸಬಹುದೇ ಎಂದು ಕೇಳಿ. ಒಟ್ಟಿಗೆ ಮಾಡಿಸಿದರೆ ಕೆಲವು ದಿನ ತಲೆ ಬಾಚಲು, ಸೀರೆ ಉಡಲು ಕೂಡ ಇನ್ನೊಬ್ಬರು ಬೇಕು. ಡಾಕ್ಟರು ಒಪ್ಪಿದರೆ ಹಸು ಬತ್ತಿಸಿದ ತಿಂಗಳುಗಳನ್ನೇ ಆರಿಸಿಕೊಳ್ಳಿ. ಆದರೆ ಹೆಬ್ಬೆರಳ ಬುಡದ ಮಾಂಸ ಸೊರಗಿದ್ದರೆ ಹಸುವಿಗಾಗಿ ಕಾಯಬೇಡಿ. ಹೋದ ಶಕ್ತಿ ಪೂರ್ತಿ ಮರಳದೇ ಇರಬಹುದು.

ಸಂಘಗಳೂ ಯೋಚಿಸಲಿ. ಹಾಲು ಕರೆಯುವ ಚಿಕ್ಕ ಯಂತ್ರವೊಂದನ್ನು ಸಂಘ ಇಟ್ಟುಕೊಂಡು, ಕೈ ಆಪರೇಷನ್ ಆದ ಸದಸ್ಯೆಗೆ ಎರಡು ತಿಂಗಳು ಕೊಡಬಾರದೇಕೆ? ಸಹಕಾರ ಸಂಘಗಳ ಸದಸ್ಯರಿಗೆಂದೇ ಇರುವ ಯಶಸ್ವಿನಿ ಯೋಜನೆಯಲ್ಲಿ ಈ ಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆಂದು ಕಾರ್ಯದರ್ಶಿಗಳು ಮೊದಲೇ ವಿಚಾರಿಸಿ ಹೇಳಬಾರದೇಕೆ? ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಈ ಎರಡು ಮಾತು ಕೇಳಿ. ನೀವು ಕೇಳದೆ ಯಾರೂ ಕೊಡುವುದಿಲ್ಲ.