ಅಳಿಸಿದರೆ ಅಳಿಯುವುದೇ?

ಗೇರುಸೊಪ್ಪದ ಸೋದರಿಯೊಬ್ಬರು ಬರೆದಿದ್ದಾರೆ: “ಬಿ.ಎಸ್ಸಿ. ಓದಿ ಮದುವೆಯಾಗಿ ಬಂದವಳು ನಾನು. ಪಕ್ಕದ ಮನೆಯ ಕಾಲೇಜು ಹುಡುಗಿಗೆ ಯಾರೋ ಫೋನಿನಲ್ಲಿ ಕೆಟ್ಟ ಸಂದೇಶ ಕಳಿಸಿ ಬೆದರಿಸುತ್ತಿದ್ದರು. ಹೆದರಿ ಎಲ್ಲ ಅಳಿಸಿಬಿಟ್ಟಿದ್ದಾಳೆ. ‘ನೀನು ಕಂಪ್ಯೂಟರ್ ಬಲ್ಲವಳು, ತೆಗೆದುಕೊಡು’ ಎಂದು ಅವಳ ತಾಯಿ ದುಂಬಾಲು ಬಿದ್ದಿದ್ದಾರೆ. ಡಿಜಿಟಲ್ ಫೊರೆನ್ಸಿಕ್ ಎಂಬ ವಿದ್ಯೆ ಇದೆಯಂತಲ್ಲ, ಮನೆಯಲ್ಲೇ ಕಲಿಯಬಹುದೆ?”

ಕಲಿಯಬಹುದು ಸೋದರಿ. ಆದರೆ ಆ ಹುಡುಗಿಯ ಫೋನಿನ ಮೇಲೆ ಮಾತ್ರ ಬೇಡ. ಹೊಸ ಆಪ್ ಹಾಕಿ ಹುಡುಕಹೋದರೆ ಉಳಿದ ಕುರುಹೂ ಹೋದೀತು. ಯಾವ ನಂಬರು, ಯಾವ ದಿನ, ಎಷ್ಟು ಹೊತ್ತಿಗೆ ಎಂದು ನೆನಪಿದ್ದಷ್ಟನ್ನು ಅವಳ ಕೈಯಲ್ಲೇ ಬರೆಸಿ. ಇನ್ನು ಬಂದದ್ದನ್ನು ಅಳಿಸುವುದು ಬೇಡ. ಆ ಫೋನು ಸಮೇತ ತಾಯಿ-ಮಗಳು ಹೊನ್ನಾವರದ ಠಾಣೆಗೆ ಹೋಗಲಿ. ಬೇಕಾದರೆ ನೀವೂ ಜೊತೆಗೆ ಹೋಗಿ. ಇವಳು ಅಳಿಸಿದರೂ ಕಳಿಸಿದವನ ಫೋನಿನಲ್ಲಿ, ಕಂಪನಿಯ ದಾಖಲೆಯಲ್ಲಿ ಗುರುತು ಉಳಿದಿರಬಹುದು. ಅದನ್ನು ಕೇಳಿ ಪಡೆಯುವ ಅಧಿಕಾರ ಪೋಲೀಸರಿಗಿದೆ, ನಮಗಿಲ್ಲ. ಅಳಿಸಿದೆಯೆಂದು ಹುಡುಗಿಯನ್ನು ಯಾರೂ ಬಯ್ಯದಂತೆ ನೋಡಿಕೊಳ್ಳಿ.

ಈಗ ನಿಮ್ಮ ಕಲಿಕೆ. ನಿಮ್ಮೂರಿನ ಹಳೆಯ ಬಸದಿಗಳ ಕಡೆ ಶಾಸನಗಳಿವೆಯಷ್ಟೆ. ಶಾಸನ ಓದುವವರು ಕಲ್ಲು ಕೆರೆಯುವುದಿಲ್ಲ. ಒದ್ದೆ ಕಾಗದ ಒತ್ತಿ ಅಚ್ಚು ತೆಗೆದು, ಆ ಅಚ್ಚನ್ನು ಓದುತ್ತಾರೆ. ಈ ವಿದ್ಯೆಯ ಮೊದಲ ಪಾಠವೂ ಇದೇ: ಮೂಲವನ್ನು ಮುಟ್ಟದೆ ನಕಲು ತೆಗೆದು ನಕಲನ್ನೇ ಪರೀಕ್ಷಿಸುವುದು. ನಕಲು ಮೂಲದಂತೆಯೇ ಇದೆ ಎನ್ನುವುದಕ್ಕೆ ‘ಹ್ಯಾಶ್’ ಎಂಬ ಲೆಕ್ಕವಿದೆ. ಶಾ-೨೫೬ ಎಂಬ ವಿಧಾನದಲ್ಲಿ ೬೪ ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಒಂದು ಚುಕ್ಕೆ ಬದಲಾದರೂ ಆ ಸಾಲು ಪೂರಾ ಬೇರೆ.

ಅಭ್ಯಾಸ ಹೀಗೆ ಮಾಡಿ. ನಿಮ್ಮದೇ ಹಳೆಯ ಪೆನ್‌ಡ್ರೈವಿಗೆ ಹತ್ತು ಫೋಟೋ ಹಾಕಿ, ಮೂರನ್ನು ಅಳಿಸಿ. ಎಫ್‌ಟಿಕೆ ಇಮೇಜರ್ ಎಂಬ ಪುಕ್ಕಟೆ ಸಾಧನದಿಂದ ಪೂರ್ತಿ ನಕಲು ತೆಗೆದು ಹ್ಯಾಶ್ ಬರೆದುಕೊಳ್ಳಿ. ಆ ನಕಲನ್ನು ಆಟೋಪ್ಸಿ ಎಂಬ ಇನ್ನೊಂದು ಪುಕ್ಕಟೆ ತಂತ್ರಾಂಶದಲ್ಲಿ ತೆರೆಯಿರಿ. ಅಳಿಸಿದ ಫೋಟೋ ಸಾಮಾನ್ಯವಾಗಿ ಸಿಗುತ್ತದೆ. ಅಳಿಸುವುದೆಂದರೆ ‘ಈ ಜಾಗ ಖಾಲಿ’ ಎಂದು ಗುರುತು ಹಾಕುವುದಷ್ಟೆ, ಅದರ ಮೇಲೆ ಬೇರೆಯದು ಬರೆಯುವವರೆಗೆ ಹಳೆಯದು ಇರುತ್ತದೆ. ಈಗಿನ ಫೋನುಗಳಲ್ಲಿ ಮಾಹಿತಿಗೆ ಗುಪ್ತಲಿಪಿಯ ಬೀಗವಿರುವುದರಿಂದ ಇಷ್ಟು ಸಲೀಸಲ್ಲ. ಮಾಡಿದ್ದನ್ನೆಲ್ಲ ತಾರೀಖು, ವೇಳೆ ಸಮೇತ ನೋಟ್‌ಬುಕ್ಕಿನಲ್ಲಿ ಬರೆಯುವುದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ.

ಸ್ವಲ್ಪ ಕಾನೂನೂ ಬೇಕು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೇ ಕಲಮಿನಂತೆ ಇಂಥ ದಾಖಲೆಯೊಂದಿಗೆ ಪ್ರಮಾಣಪತ್ರ ಕೊಡಬೇಕು. ಅದರ ನಮೂನೆಯಲ್ಲಿ ಹ್ಯಾಶ್ ಬರೆಯುವ ಜಾಗವೂ ಇದೆ, ತಜ್ಞರು ತುಂಬುವ ಭಾಗವೂ ಇದೆ. ಪದವಿ ಬೇಕೆನಿಸಿದರೆ ರಾಷ್ಟ್ರೀಯ ನ್ಯಾಯವಿಜ್ಞಾನ ವಿಶ್ವವಿದ್ಯಾಲಯದ ಶಾಖೆ ನಮ್ಮ ಧಾರವಾಡದಲ್ಲೇ ಇದೆ. ಪ್ರವೇಶದ ಪ್ರಕಟಣೆ ನೋಡಿ, ಯಾವ ಕೋರ್ಸು ಎಲ್ಲಿ ಎಂದು ವಿಚಾರಿಸಿ.

ಕೊನೆಯದೊಂದು ಮಾತು. ನಿಮಗೆ ಈ ವಿದ್ಯೆ ಬರುತ್ತದೆಂದು ತಿಳಿದರೆ ‘ಮಗನ ಫೋನು ನೋಡಿಕೊಡು’, ‘ಸೊಸೆ ಯಾರ ಹತ್ತಿರ ಮಾತಾಡುತ್ತಾಳೆ ಹೇಳು’ ಎನ್ನುವವರು ಬಂದೇ ಬರುತ್ತಾರೆ. ಅತ್ತೆಯವರೇ ಕೇಳಿದರೂ ನಯವಾಗಿ ಬೇಡವೆನ್ನಿ. ಯಜಮಾನರ ಒಪ್ಪಿಗೆಯಲ್ಲ, ಫೋನು ಯಾರದೋ ಅವರ ಒಪ್ಪಿಗೆ ಬೇಕು. ಇಲ್ಲವಾದರೆ ಸಂಬಂಧವೂ ಕೆಡುತ್ತದೆ, ಕಾನೂನಿನ ತೊಡಕೂ ಬರುತ್ತದೆ. ಹಳೆಯ ಪೆನ್‌ಡ್ರೈವ್ ಹುಡುಕಿ, ಈ ವಾರವೇ ಶುರುಮಾಡಿ.