ಹೆಸರಿಲ್ಲದ ಅಡುಗೆಭಟ್ಟರು

ಮಳೆಗಾಲದಲ್ಲಿ ಮಲೆನಾಡಿನ ಮರಗಳ ಮೇಲೆ ನೀಲಿ-ಬೂದು ಬಣ್ಣದ, ಮುಟ್ಟಿದರೆ ಲೋಳೆಯಂತಿರುವ ಎಲೆಗಳನ್ನು ನೀವೂ ನೋಡಿರಬಹುದು. ಅದು ಲೆಪ್ಟೋಜಿಯಂ, ಒಂದು ಜಾತಿಯ ಕಲ್ಲುಹೂವು. ಕಲ್ಲುಹೂವು ಒಂಟಿ ಜೀವಿಯಲ್ಲ, ಶಿಲೀಂಧ್ರ ಮತ್ತು ಪಾಚಿಯ ಸಂಸಾರ ಅಂತ ಶ್ವೆಂಡೆನರ್ 1860ರ ದಶಕದಲ್ಲೇ ಹೇಳಿದ್ದ. ಸುಮಾರು ಹತ್ತರಲ್ಲೊಂದು ಬಗೆಯಲ್ಲಿ ಪಾಚಿಯ ಜಾಗದಲ್ಲಿ (ಅಥವಾ ಜೊತೆಯಲ್ಲಿ) ಸಯನೋಬ್ಯಾಕ್ಟೀರಿಯಾ ಇರುತ್ತೆ. ಅದು ಬಿಸಿಲಲ್ಲಿ ಅಡುಗೆ ಮಾಡುತ್ತೆ, ಗಾಳಿಯ ಸಾರಜನಕವನ್ನೂ ಹಿಡಿದು ಕೊಡುತ್ತೆ. ಆದರೆ ಹೆಸರು? ನಿಯಮದ ಪ್ರಕಾರ ಕಲ್ಲುಹೂವಿನ ಹೆಸರು ಶಿಲೀಂಧ್ರದ್ದು ಮಾತ್ರ!

ಅಡುಗೆಭಟ್ಟರನ್ನು ನಾವು 'ನಾಸ್ಟಾಕ್' ಅಂತ ಒಂದೇ ಮಾತಲ್ಲಿ ಮುಗಿಸುತ್ತೇವೆ. ಆ ಹೆಸರಿನೊಳಗೇ ಎಷ್ಟೋ ತಳಿಗಳಿವೆ. ಉಷ್ಣವಲಯದ ಅನೇಕ ಕಲ್ಲುಹೂವುಗಳಲ್ಲಿ ಸೈಟೋನಿಮಾ ಇದೆ ಅಂತ ಬಹುಕಾಲ ನಂಬಿದ್ದರು. 2009ರಲ್ಲಿ ಡಿಎನ್‌ಎ ನೋಡಿದರೆ ಅದು ರೈಜೋನಿಮಾ ಎಂಬ ಬೇರೆಯೇ ಕುಲ! ಸೂಕ್ಷ್ಮದರ್ಶಕವೇ ಮೋಸಹೋಗಿತ್ತು.

ಅದಕ್ಕೇ ನನ್ನ ವಾದ ಇಷ್ಟೇ: ಕಾಡಿನ ಸಮೀಕ್ಷೆಯಲ್ಲಿ ಶಿಲೀಂಧ್ರದ ಪಕ್ಕ ಅದರ ಜೊತೆಗಾರನನ್ನೂ ದಾಖಲಿಸಬೇಕು. ಇಲ್ಲದಿದ್ದರೆ ಒಂದು ಮರ ಉರುಳಿದಾಗ ಏನು ಕಳೆದುಕೊಂಡೆವು ಅನ್ನೋದೂ ಗೊತ್ತಾಗಲ್ಲ. ಉಂಡವರ ಹೆಸರು ಬರೆದು ಬಡಿಸಿದವರನ್ನು ಮರೆಯೋದು ಯಾವ ನ್ಯಾಯ? ನೀವೇನಂತೀರಿ?